ಎದೆಗೆ ತಾಗದ ತಮಟೆ

ಅಪ್ಪನಿಗೆ ಕಿವಿ ಕೇಳಿಸದಂತಾಗಿ ಆರು ವರ್ಷ. ನಲವತ್ತು ವರ್ಷ ಎದೆಗವಚಿ ಬಾರಿಸಿದ ತಮಟೆಯೇ ಅವನ ಕಿವಿ ತಿಂದಿತ್ತು. ಆದರೂ ಏಟು ತಪ್ಪುತ್ತಿರಲಿಲ್ಲ. ಬೆಂಕಿಗೆ ಕಾಸಿ ಬಿಗಿಯಾದ ಚರ್ಮದ ನಡುಕ ಸುತ್ತಿನ ಮರಕ್ಕೆ, ಮರದಿಂದ ಪಕ್ಕೆಲುಬಿಗೆ ಇಳಿಯುತ್ತಿತ್ತು. ಅವನು ಕೇಳಿಸಿಕೊಳ್ಳುತ್ತಿದ್ದುದು ಅದನ್ನೇ.

ದೊಡ್ಡರಂಗಪ್ಪ ದೊಡ್ಡಪ್ಪ ತೀರಿಕೊಂಡನೆಂದು ಫೋನು ಬಂದಾಗ ನಾನು ರಾಯದುರ್ಗದ ಶಾಲೆಯಲ್ಲಿ ಶಬ್ದದ ಪಾಠ ಮಾಡುತ್ತಿದ್ದೆ. ಅವನೂ ಅಪ್ಪನೂ ತಮಟೆಯ ಜೋಡಿ. ಯಾರು ಮೊದಲು ಹೋದರೂ ಉಳಿದವನು ಮನೆಯಿಂದ ಗುಂಡಿಯವರೆಗೆ ಕೈ ನಿಲ್ಲಿಸದೆ ಬಾರಿಸಬೇಕೆಂದು ಮಾತಾಗಿತ್ತು. ಮಡಕಶಿರದಲ್ಲಿ ಬಸ್ಸಿಳಿದರೆ ಜಿಟಿಜಿಟಿ ಮಳೆ. ಚರ್ಮ ಸಡಿಲವಾಗುತ್ತದೆ, ಕಾಸಲು ಒಣ ಸೌದೆಯೂ ಇರುವುದಿಲ್ಲ ಎಂದುಕೊಂಡು, ಕಬ್ಬಿಣದ ಸುತ್ತಿಗೆ ಪ್ಲಾಸ್ಟಿಕ್ ಹಾಳೆ ಬಿಗಿದ ಫೈಬರ್ ತಮಟೆಯೊಂದನ್ನು ಕೊಂಡೆ.

ಊರಿನಲ್ಲಿ ಅಪ್ಪ ಒದ್ದೆ ಕಡ್ಡಿಗಳಿಗೆ ಬೆಂಕಿ ಹಚ್ಚಲು ಹೆಣಗುತ್ತಿದ್ದ.

"ಇದನ್ನ ಕಾಸೋದೇ ಬ್ಯಾಡ ಕಣಪ್ಪ," ತುಟಿ ಓದಲಿ ಎಂದು ಬಿಡಿಸಿ ಹೇಳಿದೆ.

ಅವನು ಬೆರಳಲ್ಲಿ ತಟ್ಟಿ ನೋಡಿದ. "ಬಕೀಟು ತಂದಿದೀಯಲ್ಲೇ ಸುಜಾತಾ. ನಿಮ್ಮ ದೊಡ್ಡಪ್ಪ ನೋಡಿದ್ರೆ ಎದ್ದು ಕುಂತ್ಕಂಡು ನಗೋನು."

ಅಷ್ಟರಲ್ಲಿ ಚಟ್ಟ ಎತ್ತಿದರು. ಬೇರೆ ದಾರಿಯಿಲ್ಲದೆ ಅದನ್ನೇ ಹೆಗಲಿಗೆ ಹಾಕಿಕೊಂಡ.

ಸದ್ದು ಊರಿಗೆಲ್ಲ ಕೇಳಿತು. ಮೊದಲ ಬೀದಿ ಸರಿಯಾಗಿಯೇ ಹೋಯಿತು. ಹುಣಸೆಮರದ ತಿರುವಿನಲ್ಲಿ ಏಟು ಜಾರಿತು. ಹೊತ್ತವರ ಹೆಜ್ಜೆ ತಮಟೆಗೆ ಕಟ್ಟುಬಿದ್ದಿರುತ್ತದೆ, ಚಟ್ಟ ಓಲಾಡಿತು.

"ಏಟು ಸರಿಯಾಗಿ ಬತ್ತೈತಾ?" ಅಪ್ಪ ನನ್ನ ಮುಖ ನೋಡಿದ.

ಹೂಂ ಎಂದು ತಲೆಯಾಡಿಸಿದೆ. ಮತ್ತೆರಡು ಸಲ ಕೇಳಿದ. ಎರಡು ಸಲವೂ ತಲೆಯಾಡಿಸಿದೆ.

ಕೊನೆಗೆ ಮುಂದಿನ ಬಿದಿರು ಹೊತ್ತಿದ್ದ ಬೋರಣ್ಣ ತಿರುಗಿ ಕೂಗಿದ: "ನಿಲ್ಸು ಮಾವ, ಹೆಣ ಬಿದ್ದೋಯ್ತದೆ!"

ಅಪ್ಪನಿಗೆ ಮಾತು ಕೇಳಿಸಲಿಲ್ಲ, ಬೋರಣ್ಣನ ಮುಖ ಕಂಡಿತು. ಅವನ ಕೈ ನಿಂತಿತು.

ಬಿಗಿದ ತೆಳು ಹಾಳೆ ಗಾಳಿಯನ್ನು ಚೆನ್ನಾಗಿಯೇ ನಡುಗಿಸುತ್ತದೆ. ಕಬ್ಬಿಣದ ಸುತ್ತನ್ನು ದಾಟಿ ಮೂಳೆಗೆ ಬರುವುದು ತೀರ ಕಡಿಮೆ. ಶಬ್ದ ಸಾಗಲು ಮಾಧ್ಯಮ ಬೇಕೆಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆಯುತ್ತೇನೆ. ಅಪ್ಪನ ಮಾಧ್ಯಮ ಯಾವುದೆಂದು ಯೋಚಿಸಿರಲಿಲ್ಲ.

"ಇದು ನಂಗೇನೂ ಹೇಳ್ಲಿಲ್ಲ ಕಣಮ್ಮ," ಎಂದ. "ಎಲ್ಲಿಂದ ತಪ್ತು?"

ಹಿಂದಿನ ಹುಣಸೆಮರ ತೋರಿಸಿದೆ.

ಅವನು ಅತ್ತ ನೋಡಿದ, ಆಮೇಲೆ ನನ್ನನ್ನು. "ನೀನು ಹೂಂ ಅಂದೆ."

ತಮಟೆಯನ್ನು ನನ್ನ ಕೈಗಿತ್ತು ಚಟ್ಟದ ಹಿಂದೆ ನಡೆದ. ಗುಂಡಿಯವರೆಗೆ ಕೆಸರಿನಲ್ಲಿ ಹೆಜ್ಜೆ ಎತ್ತಿಡುವ ಸದ್ದು ಮಾತ್ರ ಇತ್ತು. ಅದೂ ಅವನಿಗಿರಲಿಲ್ಲ.