ಸಾಣಿಗಿ ಡೊಳ್ಳು

ಅಮೋಘಸಿದ್ದಪ್ಪ ಒಮ್ಮೆ ಡೊಳ್ಳು ಬಾರಿಸಿದ ಹೊಡೆತಕ್ಕೆ ಯಮನೂರಿನ ಬೆಣ್ಣಿಹಳ್ಳ ಅರ್ಧ ತಾಸು ಹಿಂದಕ್ಕೆ ಹರಿದಿತ್ತು. ಮೀನುಗಳು ಯಾವ ಕಡೆ ಈಜಬೇಕೆಂದು ತಿಳಿಯದೆ ದಂಡೆಗೆ ಬಂದು ಕುಳಿತಿದ್ದವು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ತೇಲಿಹೋದ ಸೀರೆಗಳನ್ನು ಹಿಡಿಯಲು ಹಳ್ಳ ಹುಟ್ಟಿದ ದಿಕ್ಕಿಗೆ ಓಡಿದ್ದರು. ಇದನ್ನು ಕಂಡವರು ಯಾರು ಎಂದು ಕೇಳಿದರೆ, ಕಂಡವರೆಲ್ಲ ಸತ್ತಿದ್ದಾರೆ ಎನ್ನುತ್ತಿದ್ದ. ಸಾಯದೆ ಉಳಿದವನು ತಾನೊಬ್ಬನೇ, ಹಾಗಾಗಿ ಹೇಳುವ ಹೊಣೆಯೂ ತನ್ನದೇ.

"ಅಂಥಾ ಕೈ ಇದು!" ಎಂದು ಅವನು ಪಡಸಾಲೆಯಲ್ಲಿ ನಿಂತು ಬಲಗೈ ಎತ್ತಿ ತೋರಿಸಿದ. "ಇಂಥಾ ಕೈಯಿದ್ದ ಮನ್ಯಾಗ ಹುಟ್ಟಿ, ಹಿಟ್ಟು ಸಾಣಸೂ ಸಾಣಿಗಿ ಬಡ್ಯಾಕ ಕುಂತೀಯಲ್ಲ, ನಾಚಿಕಿ ಬರಂಗಿಲ್ಲ ನಿನಗ?"

ಮಗಳು ಸವಿತಾಳ ಹಲ್ಲುಗಳ ನಡುವೆ ಎರಡು ತಂತಿಗಳಿದ್ದುದರಿಂದ ಉತ್ತರ ಬರಲಿಲ್ಲ. ಅವಳು ನವಲಗುಂದದಲ್ಲಿ ರುಬಿಯಾ ಎಂಬವಳ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಅವಳ ಮುಂದೆ ನೀರು ತುಂಬುವ ನೀಲಿ ಪ್ಲಾಸ್ಟಿಕ್ ಪೀಪಾಯಿ ಎರಡೂ ಕಡೆ ಬಾಯಿ ಕೊಯ್ಸಿಕೊಂಡು ಅಡ್ಡ ಮಲಗಿತ್ತು. ಒಂದು ಬಾಯಿಗೆ ಅವ್ವನ ಸಾಣಿಗಿ, ಇನ್ನೊಂದಕ್ಕೆ ಬಾಜು ಮನೆಯ ಹಲೀಮಾಬಿಯ ಸಾಣಿಗಿ. ಸಾಣಿಗಿಯ ತಂತಿ ಬಲೆ ಕಿತ್ತು, ಸೊಳ್ಳೆಪರದೆಯ ಬಟ್ಟೆಯನ್ನು ಎರಡು ಪದರು ಬಿಗಿದು, ಡೊಳ್ಳಿಗೆ ಹಗ್ಗ ಹೆಣೆದ ಹಾಗೆಯೇ ನೈಲಾನ್ ಹಗ್ಗ ಹೆಣೆದಿದ್ದಳು. ಪರದೆಯ ಕೆಳಗೆ ಸ್ಪಂಜು, ಸ್ಪಂಜಿನ ಕೆಳಗೆ ಹಿತ್ತಾಳೆಯ ತೆಳು ಬಿಲ್ಲೆ. ಏಟು ಬಿದ್ದರೆ ಬಿಲ್ಲೆಯಲ್ಲಿ ಒಂದಿಷ್ಟು ಕರೆಂಟು ಹುಟ್ಟುತ್ತದೆ. ಅದು ತಂತಿ ಹಿಡಿದು ಸಾಬೂನಿನ ಡಬ್ಬಿಯೊಳಗಿನ ಸರ್ಕಿಟ್ ಹಲಗೆಗೆ ಹೋಗುತ್ತದೆ. ಅಲ್ಲಿ ಮೊದಲೇ ತುಂಬಿಟ್ಟ ನಿಜವಾದ ಡೊಳ್ಳಿನ ದನಿ ಎದ್ದು ಇಯರ್‌ಫೋನಿನಿಂದ ಬಾರಿಸುವವರ ಕಿವಿಗೆ ಬರುತ್ತದೆ. ಹೊರಗಿನವರಿಗೆ ಏನೂ ಕೇಳಿಸದು.

"ಕುರಿ ಸತ್ತು ಡೊಳ್ಳು ಆಗ್ತೈತಿ," ಎಂದ ಅಮೋಘಸಿದ್ದಪ್ಪ. "ನಿಂದರಾಗ ಏನ್ ಸತ್ತೈತಿ? ಸೊಳ್ಳಿ?"

"ಸೊಳ್ಳಿ ಎಲ್ಲಿ ಸತ್ತಾವು? ಪರದಿ ಹರದ ಮ್ಯಾಲೆ ಮನಿಮಂದಿನ್ನೆಲ್ಲಾ ತಿಂದು ಕುರಿಯಷ್ಟಾಗ್ಯಾವು," ಎಂದು ಒಳಗಿನಿಂದ ಹೆಂಡತಿ ದೇವಕ್ಕ ಕೂಗಿದಳು.

ಸವಿತಾ ಬಾಯಿಂದ ತಂತಿ ತೆಗೆದಳು. "ನೀ ಕೊಟ್ಟಿದ್ರ ಇದ್ಯಾಕ ಬೇಕಿತ್ತಪ್ಪಾ? ನಾವು ಐದ ಮಂದಿ ಹೆಣ್ಮಕ್ಕಳು ಮೇಳಾ ಕಟ್ಟೇವಿ. ಮುಂದಿನ ವಾರ ನವಲಗುಂದದಾಗ ಮೇಳಗಳ ಆಯ್ಕಿ ಐತಿ. ಒಂದರ ಡೊಳ್ಳು ಮುಟ್ಟಾಕ ಬಿಟ್ಟ್ಯಾ? ಇದರಾಗ ತಪ್ಪಿದ್ರ ನನಗಷ್ಟ ಕೇಳ್ತೈತಿ. ಊರು ನಗಂಗಿಲ್ಲ."

ಪಡಸಾಲೆಯ ತೊಲೆಗೆ ಅಮೋಘಸಿದ್ದಪ್ಪನ ಅಪ್ಪನ ಡೊಳ್ಳು ತೂಗುತ್ತಿತ್ತು. ಅದನ್ನು ಕೊರಳಿಗೆ ಹಾಕಿಕೊಂಡೇ ಅವನು ಮೂವತ್ತು ವರ್ಷದಿಂದ ಮೇಳದ ಮುಂದಾಳಾಗಿದ್ದ. ಎರಡು ವರ್ಷದ ಹಿಂದೆ ಕಡಲೆ ಚೀಲಗಳ ಜೊತೆ ಟ್ರ್ಯಾಕ್ಟರಿನ ಮೇಲಿಂದ ಬಿದ್ದು ಮೊಣಕೈ ಮುರಿದುಕೊಂಡಾಗಲೂ ಮುಂದಾಳುತನ ಬಿಡಲಿಲ್ಲ. ಮೂರೇ ದಿನಕ್ಕೆ ಮೂಳೆ ಕೂಡಿತಂತೆ. ಹುಬ್ಬಳ್ಳಿಯ ಡಾಕ್ಟರು ಫೋಟೋ ನೋಡಿ ಗಾಬರಿಯಾಗಿ, ಇದು ಮನುಷ್ಯನ ಮೂಳೆಯೋ ರೈಲಿನ ಹಳಿಯೋ ಎಂದು ಕೇಳಿದನಂತೆ.

"ಐತವಾರ ಗುಡಿಕಟ್ಟಿಗೆ ಹೊತ್ಕೊಂಡ್ ಬಾ ನಿನ್ನ ಪೀಪಾಯಿ," ಎಂದ ಅವನು. "ಮಂದಿ ಅದನ್ನ ಡೊಳ್ಳು ಅಂದ್ರ, ನಮ್ಮಪ್ಪನ ಡೊಳ್ಳು ನಿನ್ನ ಕೊಳ್ಳಾಗ ಹಾಕ್ತೀನಿ. ಅನ್ನಲಿಲ್ಲಂದ್ರ ಸಾಣಿಗಿ ಒಲಿಮುಂದ, ಮೇಳ ಬಂದ್. ನಾನಂತೂ ಆ ದರಿದ್ರಕ್ಕ ಬೆರಳ ಹಚ್ಚಾಂವಲ್ಲ."

ಶುಕ್ರವಾರ ಮಧ್ಯಾಹ್ನ ಹೆಂಗಸರೆಲ್ಲ ಹೊಲಕ್ಕೆ ಹೆಸರುಕಾಯಿ ಬಿಡಿಸಲು ಹೋಗಿದ್ದಾಗ ಅವನು ಬೆರಳು ಹಚ್ಚಿದ. ಬಾರಿಸುವುದಕ್ಕಲ್ಲ, ವೈರಿಯ ಕುದುರೆಯ ಹಲ್ಲು ನೋಡುವವರ ಹಾಗೆ, ಎಲ್ಲಿ ಹುಳುಕಿದೆ ಎಂದು ತಿಳಿಯುವುದಕ್ಕೆ. ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಮೂಗು ಮುರಿಯುತ್ತ, ಬಲಗೈಯ ಕೋಲಿನಿಂದ ಒಂದು ಏಟು ಹಾಕಿದ.

ತಲೆಯೊಳಗೆ ಗುಡುಗಿತು. ಪರದೆ ಥೇಟು ತೊಗಲಿನ ಹಾಗೆ ಕೋಲನ್ನು ಹಿಂದಕ್ಕೆ ಎಸೆಯಿತು. ತನಗರಿವಿಲ್ಲದೆ ಅವನ ಕಾಲು ಒಂದು ಹೆಜ್ಜೆ ಮುಂದಿಟ್ಟಿತು. ಆಮೇಲೆ ಎಡಗೈ ಹಾಕಿದ. ಏನೂ ಇಲ್ಲ. ಮತ್ತೆ ಹಾಕಿದ, ಇಲ್ಲ. ಹಲ್ಲು ಕಚ್ಚಿ ಮೂರನೆಯ ಸಲ ಹಾಕಿದಾಗಲೂ ಕಿವಿಯೊಳಗೆ ಬಾವಿಯ ತಳದಂಥ ಮೌನ.

ಇಯರ್‌ಫೋನು ತೆಗೆದು ತನ್ನ ಎಡಗೈ ನೋಡಿದ, ಸಾಣಿಗಿ ನೋಡಿದ. ಎರಡರಲ್ಲಿ ಒಂದು ಕೆಟ್ಟಿರಲೇಬೇಕಿತ್ತು. ಯಾವುದೆಂದು ಗೊತ್ತುಮಾಡಲು ಅವನಿಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. "ಹಲೀಮಾಬಿ ಸಾಣಿಗಿ," ಎಂದು ಉಗುಳಿದ. "ಮೊದಲಿಂದನ ಕೆಟ್ಟೈತಿ."

ಐತವಾರ ಮುಂಜಾನೆ ಬೀರಲಿಂಗನ ಗುಡಿಕಟ್ಟೆಯ ಮುಂದೆ ಇಡೀ ನವಲಗುಂದ ತಾಲೂಕು ನೆರೆದಿತ್ತು; ಹೆಸರು ಹಿಡಿದು ಕರೆದಿದ್ದರೆ ಇಪ್ಪತ್ತು ಮಂದಿ ಓ ಅನ್ನುತ್ತಿದ್ದರು. ಮದುವೆಗಳಿಗೆ ಮೈಕು ಹಾಕುವ ಗೌಸ್ ಸ್ಪೀಕರು ತಂದು ಸಾಬೂನಿನ ಡಬ್ಬಿಗೆ ತಂತಿ ಜೋಡಿಸಿದ್ದ. ಮೇಳದಲ್ಲಿ ಯಾವಾಗಲೂ ಅಮೋಘಸಿದ್ದಪ್ಪನ ಎಡಕ್ಕೆ ನಿಂತು ಬಾರಿಸುವ ಬೀರಲಿಂಗಪ್ಪ ಕಟ್ಟೆಯ ತುದಿಗೆ ಕುಳಿತು ಬೀಡಿ ಹಚ್ಚಿದ್ದ. ಅಮೋಘಸಿದ್ದಪ್ಪ ಅಪ್ಪನ ಡೊಳ್ಳನ್ನು ಕೊರಳಿಗೆ ಹಾಕಿಕೊಂಡೇ ಬಂದ. ಅಸಲು ಮತ್ತು ನಕಲು ಒಂದೇ ಕಡೆ ಕಾಣಲಿ ಎಂದು.

ಸವಿತಾ ಕೋಲು ಎತ್ತುವ ಮೊದಲೇ ಅವನು ಕೈ ಅಡ್ಡ ಹಿಡಿದ.

"ತಡ್ರಿ! ಮಂದಿ ಮೋಸ ಹೋಗಬಾರದು. ಇದು ಬಲಕ್ಕ ಗುಡುಗತೈತಿ, ಎಡಕ್ಕ ಹೆಣದ ಗತೆ ಬೀಳ್ತೈತಿ. ಡೊಳ್ಳಂತ ಡೊಳ್ಳು! ಒಂದ ಸಲ ಅಲ್ಲ, ಮೂರ ಸಲ ಬಡದು ನೋಡೀನಿ!"

"ನೀ ಯಾವಾಗ ಬಡದಿ ಅಪ್ಪಾ?" ಎಂದು ಸವಿತಾ ಮೆಲ್ಲಗೆ ಕೇಳಿದಳು.

"ಬೆರಳ ಹಚ್ಚಾಂವಲ್ಲ ಅಂತ ಊರ ತುಂಬ ಡಂಗುರ ಹೊಡದಿದ್ದೆಲ್ಲೋ ಕಾಕಾ!" ಎಂದು ಗೌಸ್ ನಕ್ಕ. ಕಟ್ಟೆಯೆಲ್ಲ ನಕ್ಕಿತು.

"ತಪಾಸಣಿ ಮಾಡೀನಿ! ಬಾರಿಸೂದು ಬ್ಯಾರೆ, ತಪಾಸಣಿ ಬ್ಯಾರೆ!"

ದೇವಕ್ಕ ಮುಂದೆ ಬಂದು, ರೊಟ್ಟಿ ತಟ್ಟುವ ಹಾಗೆ ಅಂಗೈಯಿಂದ ಎಡಗಡೆಯ ಸಾಣಿಗಿಯನ್ನು ತಟ್ಟಿದಳು. ಸ್ಪೀಕರು 'ಧಂ' ಎಂದಿತು. ಗುಡಿಯ ಮೇಲಿನ ಪಾರಿವಾಳಗಳು ಹಾರಿದವು. ಹಲೀಮಾಬಿ ತಟ್ಟಿದಳು. ಧಂ. "ಹೆಣ ಅಲ್ಲೋ ಯಪ್ಪಾ, ಅಗದಿ ಜೀವಂತ ಐತಿ ನನ್ನ ಸಾಣಿಗಿ," ಎಂದಳು.

"ಎಡಗೈಲೆ ನೀನೊಮ್ಮಿ ಬಡಿ ಕಾಕಾ," ಎಂದ ಗೌಸ್.

"ಬ್ಯಾಡ ಬಿಡ್ರಲೇ," ಎಂದ ಬೀರಲಿಂಗಪ್ಪ, ಅವಸರದಲ್ಲಿ. "ಹುಡುಗಿ ಬಾರಿಸ್ಲಿ."

ಆ ಅವಸರವೇ ಅಮೋಘಸಿದ್ದಪ್ಪನಿಗೆ ಅವಮಾನವಾಯಿತು. ಅಪ್ಪನ ಡೊಳ್ಳನ್ನು ಪಕ್ಕಕ್ಕೆ ಸರಿಸಿ, ಭುಜದಿಂದ ಎಡಗೈ ಎತ್ತಿ, ಬೆಣ್ಣಿಹಳ್ಳವನ್ನು ಇನ್ನೊಮ್ಮೆ ತಿರುಗಿಸುವವನ ಹಾಗೆ ಅಪ್ಪಳಿಸಿದ. ತೋಳು ಬಿತ್ತು, ಬೆರಳುಗಳು ಒದ್ದೆ ಬಟ್ಟೆಯಂತೆ ಪರದೆಯ ಮೇಲೆ ಜಾರಿದವು. ಸ್ಪೀಕರಿನಲ್ಲಿ ಗಾಳಿಯ ಸದ್ದು ಕೂಡ ಬರಲಿಲ್ಲ.

ಯಾರೋ ನಗಲು ಬಾಯಿ ತೆರೆದವರು ಮುಚ್ಚಿಕೊಂಡರು. ಬೀರಲಿಂಗಪ್ಪ ನೆಲ ನೋಡುತ್ತಿದ್ದ.

"ನಿನಗ ಗೊತ್ತಿತ್ತು," ಎಂದ ಅಮೋಘಸಿದ್ದಪ್ಪ ಅವನಿಗೆ.

"ಬಾಜೂಕ ನಿಂತಾಂವಗ ಗೊತ್ತಾಗಂಗಿಲ್ಲೇನೋ?" ಬೀರಲಿಂಗಪ್ಪ ಬೀಡಿ ಹೊಸಕಿದ. "ನಂದೊಂದು ಏಟು, ನಿನ್ನ ಎಡಗೈದೊಂದು ಏಟು. ಎರಡೂ ನಾನ ಬಡೀತಿದ್ದೆ."

ಅಮೋಘಸಿದ್ದಪ್ಪ ಕಟ್ಟೆಯ ಮೇಲೆ ಕುಳಿತ. ತನ್ನ ಎಡಗೈಯನ್ನು ಬಲಗೈಯಿಂದ ಎತ್ತಿ, ಬೇರೆಯವರ ಸಾಮಾನಿನಂತೆ ತೊಡೆಯ ಮೇಲೆ ಇಟ್ಟುಕೊಂಡ.

"ಡಾಕ್ಟರ್ ಗಾಬರಿ ಆಗಿರಲಿಲ್ಲ," ಎಂದ. "ತಲಿ ಎತ್ತಿ ನೋಡ್ಲೂ ಇಲ್ಲ. ನರ ಸತ್ತೈತಿ, ಡೊಳ್ಳು ಬಿಡು ಅಂದಾ. ಎರಡ ವರ್ಷಾತು. ಬಿಸಿ ಚಾದ ಕಪ್ಪ ಹಿಡದ್ರೂ ತಿಳಿಯಂಗಿಲ್ಲ."

ದೇವಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಿದ್ದಳು. ಗೌಸ್, ಮಾತು ಎಲ್ಲಿಗಾದರೂ ಹೊರಳಲಿ ಎಂದು ಕೇಳಿದ: "ಹಂಗಾರ ಹಳ್ಳದ್ದು, ಕಾಕಾ? ಹಿಂದಕ್ಕ ಹರದದ್ದು?"

"ಆ ವರ್ಷ ಹಳ್ಳದಾಗ ನೀರ ಇರಲಿಲ್ಲಪಾ."

ಅವನು ಅಪ್ಪನ ಡೊಳ್ಳಿನ ಹಗ್ಗವನ್ನು ಕೊರಳಿನಿಂದ ತೆಗೆಯಲು ನೋಡಿದ. ಒಂದು ಕೈಯಿಂದ ಆಗಲಿಲ್ಲ. ಬೀರಲಿಂಗಪ್ಪ ಎದ್ದು ಬಂದು ಇನ್ನೊಂದು ಕಡೆ ಹಿಡಿದ. ಇಬ್ಬರೂ ಸೇರಿ ಅದನ್ನು ಸವಿತಾಳ ಕೊರಳಿಗೆ ಹಾಕಿದರು. "ಬಾರಿಸು," ಎಂದ ಅಪ್ಪ. "ನವಲಗುಂದದಾಗ ಸಾಣಿಗಿ ಹೊತ್ಕೊಂಡ್ ಹೋದ್ರ ನನ್ನ ಮಾನ ಹೋಗ್ತೈತಿ."

ಅವಳು ಬಾರಿಸಲಿಲ್ಲ. ಡೊಳ್ಳಿನ ಭಾರಕ್ಕೆ ಬಾಗಿಯೇ ಮೊಣಕಾಲೂರಿ ಕುಳಿತು, ಸ್ಪೀಕರಿನ ತಂತಿ ಕಿತ್ತಳು. ಸಾಬೂನಿನ ಡಬ್ಬಿಯ ಮುಚ್ಚಳ ತೆಗೆದು, ಮೆಲ್ಲನೆ ಮುಟ್ಟಿದರೂ ದನಿ ಏಳುವಂತೆ ಎಡಗಡೆಯ ಒಂದು ಸಣ್ಣ ತಿರುಪನ್ನು ಕೊನೆಯವರೆಗೂ ತಿರುಗಿಸಿದಳು. ಆಮೇಲೆ ಇಯರ್‌ಫೋನನ್ನು ಅಪ್ಪನ ಕಿವಿಗೆ ಸಿಕ್ಕಿಸಿದಳು.

"ಈಗ ನೋಡು."

ಅವನು ಮಂದಿಯ ಕಡೆ ಬೆನ್ನು ತಿರುಗಿಸಿ ಎಡಗೈ ಹಾಕಿದ. ಕುತ್ತಿಗೆ ಒಮ್ಮೆ ಬೆಚ್ಚಿತು. ಮತ್ತೆ ಹಾಕಿದ, ಬಲಗೈಯೂ ಕೂಡಿತು. ಕಟ್ಟೆಯ ಮೇಲಿದ್ದವರಿಗೆ ಡೊಳ್ಳು ಕೇಳಿಸಲಿಲ್ಲ. ಹಿಟ್ಟು ಸಾಣಿಸುವಾಗ ಬರುವಂಥ ಸರಸರ ಸದ್ದು ಮಾತ್ರ, ಮತ್ತು ಅದಕ್ಕೆ ತೂಗುತ್ತಿದ್ದ ಅವನ ತಲೆಯ ರುಮಾಲು.