ಪಾಠಕ್ಕೆ ಕೂತ ಬೊಂಬೆ

ಮಳೆ ಹಿಂದೆಗೆದು ಚಳಿ ಇನ್ನೂ ಕಾಲಿಡದ ದಿನಗಳು. ಒಂದು ಬೆಳಿಗ್ಗೆ, ಹಾಲಿನವನು ಬಂದುಹೋದ ಹೊತ್ತಿಗೆ, ಟೈಲರಜ್ಜಿಯ ಮಗಳು ಬಂದು ತನ್ನ ಆರು ವರ್ಷದ ಪುಟ್ಟಿಯನ್ನು ತಾಯಿಯ ಮನೆಯಲ್ಲಿ ಬಿಟ್ಟಳು. ಮಗಳು ಬೇರೆ ಊರಿನ ಆಸ್ಪತ್ರೆಯಲ್ಲಿ ನರ್ಸು. ಪುಟ್ಟಿ ಶಾಲೆಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ; ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುತ್ತಿದ್ದಳು. ಅದಕ್ಕೇ ಇನ್ನು ಮೇಲೆ ಪಾಠವೆಲ್ಲ ಮನೆಯಲ್ಲೇ, ಬೇರೆ ಮಕ್ಕಳೂ ಸೇರುವ ಫೋನಿನ ವಿಡಿಯೋ ಕ್ಲಾಸಿನಲ್ಲೇ ಎಂದು ತೀರ್ಮಾನವಾಗಿತ್ತು.

"ಎಲ್ಲರ ಮುಂದೆ ಮಾತಾಡೋ ಹಾಗಾದ್ರೆ ಕರ್ಕೊಂಡು ಹೋಗಿ ಶಾಲೆಗೆ ಹಾಕ್ತೀನಮ್ಮ. ಅಲ್ಲೀವರೆಗೂ ನಿನ್ನ ಹತ್ರ ಇರ್ಲಿ," ಎಂದಳು ಮಗಳು.

ಅಜ್ಜ ಹೋದಮೇಲೆ ಆ ಮನೆಯಲ್ಲಿ ಹೊಲಿಗೆ ಮಿಷನ್ನಿನದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಈಗ ಪಾಠದ ಹೊತ್ತಿಗೆ ಅದನ್ನೂ ನಿಲ್ಲಿಸಿ ಅಜ್ಜಿ ಮೂಲೆಯಲ್ಲಿ ಕೂತು ಗುಂಡಿ ಹಾಕುವಳು. ಅಕ್ಷರ ಕೈಗೆ ಬಗ್ಗದಿದ್ದರೆ ಪುಟ್ಟಿ ಎದ್ದು ದಾರದುಂಡೆಗಳ ಜೊತೆ ಆಡಿ, ಮನಸ್ಸು ಬಂದಾಗ ಮರಳಿ ಬಂದು ಬರೆಯುವಳು. ಬೇಗ ಬೇಗ ಎನ್ನುವವರಿಲ್ಲ, ನಗುವವರಿಲ್ಲ. ಗುಂಡಿಗಳಲ್ಲಿ ಕೂಡುವುದು ಕಲಿತಳು, ಕತ್ತರಿಸಿ ಉಳಿದ ಚೂರುಗಳಲ್ಲಿ ಬಣ್ಣ ಕಲಿತಳು. ಕ್ಲಾಸಿನಲ್ಲಿ ಮಾತು ಮಾತ್ರ ಹೊರಡಲಿಲ್ಲ.

ರವಿಕೆ ತೊಡಿಸಿ ನೋಡಲು ಅಜ್ಜಿಯ ಬಳಿ ತಲೆಯಿಲ್ಲದ ಬಟ್ಟೆ ಬೊಂಬೆಯೊಂದಿತ್ತು. ಪುಟ್ಟಿ ಅದನ್ನು ಎಳೆದುಕೊಂಡು ಪಕ್ಕದಲ್ಲಿಟ್ಟಳು, ಅಕ್ಕ ಎಂದು ಕರೆದಳು. ಟೀಚರ್ ಹೇಳಿಕೊಟ್ಟದ್ದನ್ನು ಆಮೇಲೆ ಅಕ್ಕನಿಗೆ ಪಿಸುಮಾತಿನಲ್ಲಿ ಒಪ್ಪಿಸುವಳು. ರವಿಕೆ ಕೇಳಿಕೊಂಡು ಬಂದ ಎದುರುಮನೆಯಾಕೆಗೆ, ಅದನ್ನು ತೊಟ್ಟ ಬೊಂಬೆ ಪಾಠಕ್ಕೆ ಕೂತಿದೆ, ನಾಳೆ ಬಾರಮ್ಮ ಎಂದು ಅಜ್ಜಿ ಹೇಳಿ ಕಳಿಸಿದ್ದೂ ಉಂಟು.

ಪಿಸುಮಾತು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತಿತ್ತು. ಅಜ್ಜಿಗೆ ಅದು ಕೇಳುತ್ತಿತ್ತು. ಆದರೂ ಮಗಳು ಫೋನಿನಲ್ಲಿ ವಿಚಾರಿಸಿದಾಗಲೆಲ್ಲ ಇನ್ನೂ ಇಲ್ಲ ಎಂದುಬಿಡುವಳು. ಹೇಳಿದರೆ ಮನೆ ಮತ್ತೆ ಬಣಗುಡುತ್ತದಲ್ಲ.

ಚಳಿಗಾಲ ಮುಗಿಯುತ್ತಾ ಬಂದಾಗ ಟೀಚರ್ ಪಾಠದ ನಡುವೆ ಸಂಕೋಚದಿಂದ ಕೇಳಿದಳು: "ಪುಟ್ಟಿ, ನಿಮ್ಮಜ್ಜಿಗೆ ನನ್ನ ಮೇಲೆ ಕೋಪಾನಾ? ದಿನಾ ಪಕ್ಕದಲ್ಲೇ ಕೂತಿರ್ತಾರೆ, ನಮಸ್ಕಾರ ಅಂದ್ರೆ ಮಾತೇ ಆಡಲ್ಲ."

ಪಾಪ, ಫೋನಿನಲ್ಲಿ ಆಕೆಗೆ ಕಾಣುತ್ತಿದ್ದದ್ದು ಹಸಿರು ರವಿಕೆಯ ಒಂದು ಭುಜ ಮಾತ್ರ.

"ಅದು ಅಜ್ಜಿ ಅಲ್ಲ ಮಿಸ್, ಬೊಂಬೆ," ಎಂದಳು ಪುಟ್ಟಿ, ಎಲ್ಲರಿಗೂ ಕೇಳುವಂತೆ. "ಅದಕ್ಕೆ ತಲೆನೇ ಇಲ್ಲ, ಹೆಂಗೆ ಮಾತಾಡುತ್ತೆ?"

ಫೋನಿನ ತುಂಬ ಮಕ್ಕಳು ನಕ್ಕರು. ಪುಟ್ಟಿ ಕಿವಿ ಮುಚ್ಚಲಿಲ್ಲ, ತಾನೂ ನಕ್ಕಳು. ಆಮೇಲೆ ಪಾಠವನ್ನು ಅಷ್ಟೂ ಓದಿದಳು. ಮೂಲೆಯಲ್ಲಿ ಅಜ್ಜಿಗೆ ಸೂಜಿಯ ಕಣ್ಣು ಕಾಣದಾಯಿತು.

ಸಂಜೆ ಅಜ್ಜಿ ತಾನೇ ಮಗಳಿಗೆ ಫೋನು ಮಾಡಿದಳು. "ನಿನ್ನ ಮಗಳು ಮಾತಾಡ್ತಾಳೆ ಕಣೇ. ಬೊಂಬೆ ಹತ್ರ ಮುಂಚಿಂದಾನೂ ಆಡ್ತಿದ್ಲು. ನಾನೇ ಹೇಳ್ಲಿಲ್ಲ."

"ಯಾಕೆ ಹೇಳ್ಲಿಲ್ಲ ಅಂತ ಗೊತ್ತಾಯ್ತು ಬಿಡಮ್ಮ," ಎಂದಳು ಮಗಳು. "ಭಾನುವಾರ ಬಂದು ಕರ್ಕೊಂಡು ಹೋಗ್ತೀನಿ."

ಹೊರಡುವಾಗ ಪುಟ್ಟಿ ಬೊಂಬೆಯನ್ನು ಮಿಷನ್ನಿನ ಕಡೆಗೆ ತಿರುಗಿಸಿಟ್ಟಳು. "ಅಕ್ಕಂಗೆ ದಿನಾ ಏನಾದ್ರೂ ಹೇಳ್ತಿರು ಅಜ್ಜಿ. ಬೇಜಾರಾಗುತ್ತೆ ಅವಳಿಗೆ."

ಅಜ್ಜಿ ಹೂಂ ಎಂದಳು. ಭಾನುವಾರ ಮಧ್ಯಾಹ್ನದ ಬಸ್ಸಿಗೆ ಪುಟ್ಟಿ ಅಮ್ಮನ ಜೊತೆ ಹೋದಳು.