ಈ ಸಲ ಚಮಚ ಬೇಡ

ಕೇಕು ಮಾಡುವುದೇನು ಬ್ರಹ್ಮವಿದ್ಯೆಯಲ್ಲ ಬಿಡಿ. ಮನೆಯಲ್ಲಿ ಮೊಟ್ಟೆ, ಹಿಟ್ಟು, ಸಕ್ಕರೆ, ಬೆಣ್ಣೆ ಇದ್ದು, ಒಂದಿಷ್ಟು ತಾಳ್ಮೆಯೂ ಇದ್ದರೆ ಯಾರು ಬೇಕಾದರೂ ಮಾಡಬಹುದು. ಆದರೆ ಆ ಕೇಕನ್ನು ಇಬ್ಬರು ಮಕ್ಕಳು, ಒಬ್ಬ ಗಂಡನ ಜೊತೆ ಒಂದೇ ಕಾರಿನಲ್ಲಿ ಹಾಕಿಕೊಂಡು, ಮೂರು ಗಂಟೆ ದೂರದ ತವರಿಗೆ ಒಯ್ದು, ಹೊರಟಾಗ ಹೇಗಿತ್ತೋ ಹಾಗೇ ಇಳಿಸಬೇಕು ನೋಡಿ, ಅಲ್ಲಿದೆ ವಿದ್ಯೆ. ಸೂಜಿ ಆಂಟಿಗೆ ಅದು ಐದು ವರ್ಷದಿಂದ ಒಲಿದಿರಲಿಲ್ಲ.

ಸೂಜಿ ಆಂಟಿ ಎಂಬ ಹೆಸರು ಕೇಳಿ ಹೆದರಬೇಕಾಗಿಲ್ಲ. ಆಕೆ ಲ್ಯಾಬಿನಲ್ಲಿ ಪರೀಕ್ಷೆಗೆ ರಕ್ತ ತೆಗೆಯುವವಳು. ಅಲ್ಲಿಗೆ ಬರುವ ಮಕ್ಕಳು ಇಟ್ಟ ಹೆಸರದು. ಎಂಥ ಕಿರುಚಾಡುವ ಮಗುವಾದರೂ ಸರಿ, ಒಂದೇ ಚುಚ್ಚಿಗೆ ನರ ಹಿಡಿಯುತ್ತಾಳೆ, ಕೈ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಅಂಥ ಕೈಯವಳು ಮಾಡಿದ ಕೇಕು ಪ್ರತಿ ವರ್ಷ ತಾಯಿಯ ಹುಟ್ಟುಹಬ್ಬಕ್ಕೆ ತಲುಪುವ ಹೊತ್ತಿಗೆ ಪುಡಿಪುಡಿಯಾಗಿರುತ್ತಿತ್ತು. ಮೊದಲ ವರ್ಷ ಎಲ್ಲರೂ ಅಯ್ಯೋ ಪಾಪ ಎಂದರು. ಎರಡನೇ ವರ್ಷ ನಕ್ಕರು. ಮೂರನೇ ವರ್ಷದಿಂದ ತವರಿನಲ್ಲಿದ್ದ ಅಕ್ಕ ತಟ್ಟೆ, ಚಾಕು ಇಡುವುದನ್ನೇ ಬಿಟ್ಟು, ಬಟ್ಟಲು ಚಮಚ ಜೋಡಿಸಿಟ್ಟುಕೊಂಡು ಕಾಯತೊಡಗಿದಳು. ತಿಂದಾದ ಮೇಲೆ "ರುಚಿ ಚೆನ್ನಾಗೇ ಇದೆ ಬಿಡು" ಎಂದು ಸಮಾಧಾನ ಬೇರೆ. ಬೈದಿದ್ದರಾದರೂ ತಡೆದುಕೊಳ್ಳಬಹುದಿತ್ತು, ಆ ಸಮಾಧಾನ ಕೇಳಿದಾಗ ಮಾತ್ರ ಸೂಜಿ ಆಂಟಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಮ್ಮನಿಗೆ ಈ ಸಲ ಎಪ್ಪತ್ತು. ಹಿಂದಿನ ವಾರ ಫೋನಿನಲ್ಲಿ ಆಕೆ ನಗುನಗುತ್ತಲೇ ಒಂದು ಮಾತು ಹೇಳಿದ್ದಳು.

"ನಲವತ್ತು ವರ್ಷ ಹೊಲಿಗೆ ಮಿಷನ್ ತುಳಿದೆ ಕಣೇ. ಊರವರ ಬಟ್ಟೆನೆಲ್ಲ ಕತ್ತರಿಸಿದೆ. ನನ್ನ ಹುಟ್ಟುಹಬ್ಬದ ಕೇಕು ಒಂದನ್ನ ಮಾತ್ರ ಇನ್ನೂ ಕತ್ತರಿಸಿಲ್ಲ ನೋಡು."

ತಮಾಷೆಗೆ ಹೇಳಿದ್ದು, ನಿಜ. ಆದರೂ ಮಗಳ ಎದೆಗೆ ಅದು ಚುರುಕ್ಕೆಂದು ತಾಗಿತು. ಪ್ರಪಂಚ ಮುಳುಗಿದರೂ ಸರಿ, ಈ ಸಲ ಅಮ್ಮನ ಕೈಯಲ್ಲಿ ಚಾಕು ಹಿಡಿಸಿಯೇ ಸೈ ಎಂದು ಅವಳು ತೀರ್ಮಾನಿಸಿದಳು.

ಕೇಕು ಪುಡಿಯಾಗುವುದಕ್ಕೆ ಕಾರಣ ಯಾರು ಎಂಬುದು ಇಡೀ ವಂಶಕ್ಕೆ ಗೊತ್ತಿತ್ತು, ಆ ಕಾರಣಕರ್ತರೊಬ್ಬರನ್ನು ಬಿಟ್ಟು. ಅವರೇ ಸೂಜಿ ಆಂಟಿಯ ಯಜಮಾನರು. ಕಾರು ಕಲಿಸುವ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಮೇಷ್ಟ್ರು. ಮನೆಯಲ್ಲಿದ್ದದ್ದೂ ಶಾಲೆಯ ಕಾರೇ. ಪಾಠದ ಕಾರಿನಲ್ಲಿ ಓಡಿಸುವವರ ಕಾಲ ಕೆಳಗೆ ಒಂದು ಬ್ರೇಕಿದ್ದರೆ, ಪಕ್ಕದಲ್ಲಿ ಕೂರುವ ಮೇಷ್ಟ್ರ ಕಾಲ ಕೆಳಗೆ ಇನ್ನೊಂದು ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದರೆ ಮೇಷ್ಟ್ರು ಅದನ್ನು ಒತ್ತಿ ಊರನ್ನು ಕಾಪಾಡುತ್ತಾರೆ. ರಜೆಯ ದಿನ ಸ್ಟೇರಿಂಗ್ ಮುಟ್ಟುವುದಿಲ್ಲ ಎಂಬುದು ಮೇಷ್ಟ್ರ ವ್ರತ. ಹಾಗಾಗಿ ಪ್ರವಾಸವೆಂದರೆ ಓಡಿಸುವವಳು ಸೂಜಿ ಆಂಟಿ, ಪಕ್ಕದಲ್ಲಿ ತೊಡೆಯ ಮೇಲೆ ಕೇಕಿಟ್ಟುಕೊಂಡು ಕೂರುವವರು ಮೇಷ್ಟ್ರು. ಅವರ ಮನಸ್ಸಿಗೆ ಹೆಂಡತಿಯ ಮೇಲೆ ಪೂರ್ತಿ ನಂಬಿಕೆಯಿತ್ತು. ಅವರ ಬಲಗಾಲಿಗೆ ಇರಲಿಲ್ಲ. ಎದುರಿಗೆ ಒಂದು ಕಾಗೆ ಕೂತರೂ ಆ ಕಾಲು ಬ್ರೇಕು ಒತ್ತುತ್ತಿತ್ತು.

"ನಾನು ಒತ್ತೇ ಇಲ್ಲ" ಎನ್ನುತ್ತಿದ್ದರು ಪ್ರತಿ ಸಲ. "ರಸ್ತೆ ಸರಿ ಇಲ್ಲ ಕಣೇ."

ಕುಣಿಯಲು ಬಾರದವರಿಗೆ ನೆಲ ಡೊಂಕು, ಇನ್ನೇನು.

ಹೊರಡುವ ಹಿಂದಿನ ಸಂಜೆ ಕೇಕಿನ ಕೆಲಸ ನಡೆಯಿತು. ಎಲ್ಲದಕ್ಕೂ ವಾದ ಹೂಡಿ ಮನೆಯಲ್ಲಿ ಲಾಯರಮ್ಮ ಎಂದೇ ಹೆಸರಾದ ಎಂಟು ವರ್ಷದ ಮಗಳು ಕಿತ್ತಳೆ ಸಿಪ್ಪೆ ತುರಿದಳು. ನಾಲ್ಕು ವರ್ಷದ ಗುಂಡ ಮೊಟ್ಟೆ ಒಡೆದ. ಆರು ಮೊಟ್ಟೆಯಲ್ಲಿ ನಾಲ್ಕು ಪಾತ್ರೆಗೆ ಬಿದ್ದವು, ಒಂದು ನೆಲಕ್ಕೆ, ಒಂದು ಅಪ್ಪನ ಚಪ್ಪಲಿಗೆ. ಆಮೇಲೆ ಅವನು ಓವನ್ನಿನ ಗಾಜಿನೆದುರು ಒಂದು ಮಾರು ದೂರದಲ್ಲಿ ಕುರ್ಚಿ ಹಾಕಿಕೊಂಡು ಕೂತು ಟಿವಿಯವರ ಹಾಗೆ ಸುದ್ದಿ ಓದತೊಡಗಿದ.

"ಉಬ್ತಾ ಇದೆ. ಇನ್ನೂ ಉಬ್ತಾ ಇದೆ. ಅಮ್ಮಾ, ಅದು ನನ್ನ ನೋಡ್ತಾ ಇದೆ."

ತಣ್ಣಗಾದ ಎರಡು ಪದರಗಳ ನಡುವೆ ಕೆನೆ ಬಳಿದು, ಹೊಸ ಸಿರಿಂಜಿನಲ್ಲಿ ಕೆನೆ ತುಂಬಿ, ಸೂಜಿ ಆಂಟಿ ಮೇಲೆ 'ಅಮ್ಮನಿಗೆ ಎಪ್ಪತ್ತು' ಎಂದು ಬರೆದಳು. ಅಕ್ಷರ ಮುತ್ತಿನಂತೆ ಬಂದವು. ಮೇಷ್ಟ್ರು ಬಂದು ನೋಡಿ, "ಒತ್ತಕ್ಷರಗಳಿಗೆ ಇನ್ನೊಂಚೂರು ಜಾಗ ಬಿಡಬಹುದಿತ್ತು" ಎಂದರು. ಹತ್ತೊಂಬತ್ತು ವರ್ಷದಲ್ಲಿ ಅವರ ಬಾಯಿಂದ ಯಾರಿಗೂ ಒಂದೇ ಏಟಿಗೆ 'ಪಾಸು' ಎಂಬ ಮಾತು ಬಂದದ್ದಿಲ್ಲ.

ಬೆಳಿಗ್ಗೆ ಕಾರು ಹೊರಟಿತು. ಗುಂಡ ಮೊದಲ ತಿರುವಿನಲ್ಲೇ "ಬಂತಾ?" ಎಂದು ಕೇಳಿದ. ಲಾಯರಮ್ಮ ನೋಟುಪುಸ್ತಕದ ಕೊನೆಯ ಹಾಳೆ ತೆಗೆದು, ಮೇಲೆ 'ಅಪ್ಪನ ಕಾಲು' ಎಂದು ಬರೆದು, ಪೆನ್ಸಿಲ್ ಹಿಡಿದು ಕೂತಳು. ಪೆಟ್ರೋಲ್ ಬಂಕಿನ ಹತ್ತಿರ ಒಂದು ಗೀಟು ಬಿತ್ತು. ದೂರದಲ್ಲಿ ಹೋಗುತ್ತಿದ್ದ ಸೈಕಲ್ಲಿಗೆ ಒಂದು. ಏನೂ ಇಲ್ಲದ ನೇರ ರಸ್ತೆಯಲ್ಲಿ, ಮೇಷ್ಟ್ರಿಗೆ ಸೀನು ಬಂದದ್ದಕ್ಕೆ ಒಂದು. ಒಂದೂವರೆ ಗಂಟೆಯಲ್ಲಿ ಹನ್ನೊಂದು ಗೀಟು. ಹನ್ನೊಂದನೆಯದಕ್ಕೆ ಕೇಕಿನ ಪೆಟ್ಟಿಗೆಯೊಳಗೆ ಏನೋ ಮೆತ್ತಗೆ 'ಪಚಕ್' ಎಂದಿತು.

ಸೂಜಿ ಆಂಟಿ ಕಾರನ್ನು ರಸ್ತೆ ಬದಿಯ ಚಹಾದಂಗಡಿಗೆ ತಿರುಗಿಸಿ ನಿಲ್ಲಿಸಿದಳು. ಪೆಟ್ಟಿಗೆ ತೆಗೆದು ನೋಡಿದರೆ ಕೇಕಿನ ಒಂದು ಮಗ್ಗುಲು ಗೋಡೆಗೆ ಒರಗಿದ ಕುಡುಕನ ಹಾಗೆ ವಾಲಿತ್ತು. ಅಕ್ಷರಗಳು ಮಾತ್ರ ಇದ್ದಲ್ಲೇ ಇದ್ದವು. ಅವಳು ಉಳಿದ ಕೆನೆಯ ಸಿರಿಂಜು ಹೊರತೆಗೆದು, ತುಟಿ ಕಚ್ಚಿ, ಬಿರುಕು ಬಿಟ್ಟಲ್ಲೆಲ್ಲ ತುಂಬಿದಳು. ಕಣ್ಣಲ್ಲಿ ನೀರಾಡುತ್ತಿತ್ತು.

"ರಸ್ತೆ..." ಎಂದು ಶುರುಮಾಡಿದರು ಮೇಷ್ಟ್ರು.

"ರೀ, ರಸ್ತೆ ಅಂದ್ರೆ ನಾನಿಲ್ಲೇ ಇಳಿದು ನಡ್ಕೊಂಡು ಹೋಗ್ತೀನಿ" ಎಂದಳು ಅವಳು. "ನಿಮ್ಮ ಹತ್ರ ಕಲಿತೆ, ಆರ್‌ಟಿಓದವರ ಪರೀಕ್ಷೆಲಿ ಮೊದಲ ಸಲಕ್ಕೇ ಪಾಸಾದೆ. ಇಷ್ಟು ವರ್ಷದಲ್ಲಿ ಒಂದು ಕೋಳಿಗೂ ಗುದ್ದಿಲ್ಲ. ನಾನು ಓಡಿಸಬಲ್ಲೆ ಅಂತ ನಿಮ್ಮ ಕಾಲಿಗೆ ಯಾರು ಹೇಳ್ಬೇಕು?"

ಲಾಯರಮ್ಮ ಕಿಟಕಿಯಿಂದ ನೋಟುಪುಸ್ತಕ ಚಾಚಿದಳು. ಮೇಷ್ಟ್ರು ಗೀಟುಗಳನ್ನು ನೋಡಿದರು, ತಮ್ಮ ಬಲಗಾಲನ್ನು ನೋಡಿದರು, ಅದು ಬೇರೆ ಯಾರದೋ ಎನ್ನುವ ಹಾಗೆ. ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

"ಇದು ನನ್ನ ಮಾತು ಕೇಳಲ್ಲ ಕಣೇ. ಏನು ಮಾಡ್ಲಿ ಹೇಳು."

ಶಿಕ್ಷೆ ವಿಧಿಸಿದ್ದು ಲಾಯರಮ್ಮ. ಬೂಟು, ಸಾಕ್ಸು ಕಳಚಿ ಹಿಂದಿನ ಸೀಟಿಗೆ ಜಪ್ತಿಯಾದವು. ಮೇಷ್ಟ್ರು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ, ಬೆಲ್ಟು ಬಿಗಿದು, ತೊಡೆಯ ಮೇಲೆ ಪೆಟ್ಟಿಗೆ ಇಟ್ಟುಕೊಂಡರು. ಆ ಕಾಲು ಇನ್ನು ಕೆಳಗಿಳಿಯಬೇಕಾದರೆ ಮೊದಲು ಕೇಕನ್ನು ದಾಟಬೇಕಿತ್ತು.

ಮಿಕ್ಕ ದಾರಿಯಲ್ಲಿ ಅವರ ಮೊಣಕಾಲು ಆಗಾಗ ಬಲೆಗೆ ಬಿದ್ದ ಮೀನಿನಂತೆ ಮಿಡುಕುತ್ತಿತ್ತು. ಒಂದು ಕಡೆ ಅಡ್ಡರಸ್ತೆಯಿಂದ ಲಾರಿಯೊಂದು ಹೇಳದೆ ಕೇಳದೆ ನುಗ್ಗಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಸೂಜಿ ಆಂಟಿ ನರ ಹಿಡಿಯುವ ಅದೇ ಹದದಲ್ಲಿ ಬ್ರೇಕು ಒತ್ತಿದಳು, ಕಾರು ಬೆಣ್ಣೆಯಂತೆ ನಿಂತಿತು. ಗುಂಡನ ಕೈಯಲ್ಲಿದ್ದ ಲೋಟದ ನೀರು ಕೂಡ ತುಳುಕಲಿಲ್ಲ. ಮೇಷ್ಟ್ರು ಕಣ್ಣು ಬಿಟ್ಟು ಕೇಕು ನೋಡಿದರು, ರಸ್ತೆ ನೋಡಿದರು, ಹೆಂಡತಿಯನ್ನು ನೋಡಿದರು.

"ಪಾಸು" ಎಂದರು ಮೆಲ್ಲಗೆ.

ಅವಳು ತಿರುಗಿ ನೋಡಲಿಲ್ಲ. ಆದರೆ ಅಲ್ಲಿಂದ ತವರಿನವರೆಗೂ ಅವಳ ಮುಖ ಅರಳಿಕೊಂಡೇ ಇತ್ತು.

ಮನೆಯ ಮುಂದೆ ಕಾರು ನಿಂತಾಗ ಮೇಷ್ಟ್ರಿಗೆ ಇಳಿಯಲಾಗಲಿಲ್ಲ. ಎರಡೂ ಕಾಲಿಗೆ ಜೋಮು ಹಿಡಿದು, ಸೊಂಟದಿಂದ ಕೆಳಗೆ ಏನಿದೆ ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. ಸೂಜಿ ಆಂಟಿ ಮೊದಲು ಕೇಕನ್ನು ಇಳಿಸಿದಳು. ಗಂಡನನ್ನು ಆಮೇಲೆ ಇಳಿಸಿದರಾಯಿತು.

ಮೇಜಿನ ಮೇಲೆ ಬಟ್ಟಲು ಚಮಚ ಸಾಲಾಗಿ ಕಾದಿದ್ದವು. ಅಕ್ಕ ಪೆಟ್ಟಿಗೆಯ ಮುಚ್ಚಳ ಎತ್ತಿದಳು, ಮುಚ್ಚಿದಳು, ಮತ್ತೆ ಎತ್ತಿದಳು.

"ಅಂಗಡಿಯಿಂದ ತಂದ್ಯಾ?"

"ನಾನೇ ಮೊಟ್ಟೆ ಒಡ್ದಿದ್ದು" ಎಂದ ಗುಂಡ. ಅಪ್ಪನ ಚಪ್ಪಲಿಯ ವಿಷಯವನ್ನೂ ಹೇಳಿದ.

ಅಕ್ಕ ಚಮಚಗಳನ್ನು ಬಾಚಿ ಖಾನೆಗೆ ಹಾಕಿದಳು. ಆ ಸದ್ದಿನಷ್ಟು ಇಂಪಾದ ಸದ್ದನ್ನು ಸೂಜಿ ಆಂಟಿ ತನ್ನ ಜನ್ಮದಲ್ಲೇ ಕೇಳಿರಲಿಲ್ಲ. ಮಕ್ಕಳ ಬಾಯಲ್ಲಿ ಟೈಲರಜ್ಜಿಯಾಗಿದ್ದ ಅಮ್ಮ ಕನ್ನಡಕ ಏರಿಸಿ, ಅಕ್ಷರ ಅಕ್ಷರವನ್ನೂ ಓದಿ, ಚಾಕು ಕೈಗೆತ್ತಿಕೊಂಡಳು. ಎಲ್ಲರೂ ಮೇಜಿನ ಸುತ್ತ ನೆರೆದರು. ಆಗ ಅಜ್ಜಿಗೆ ಏನೋ ಹೊಳೆಯಿತು.

"ತಾಳ್ರೇ. ಇದನ್ನ ಮೊದಲು ಹೆಡ್‌ಮಿಸ್ಸಿಗೆ ತೋರಿಸಬೇಕು. ಹೋದ ವರ್ಷ ಬಟ್ಟಲಲ್ಲಿ ಕಳಿಸಿದ್ದಕ್ಕೆ, ಇದನ್ನ ಕೋಳಿಗೆ ಹಾಕೋದಾ ಅಂತ ಕೇಳಿದ್ಲು ಅವಳು."

ಹೆಡ್‌ಮಿಸ್ಸು ಎಂದರೆ ಅದೇ ಬೀದಿಯ ತುದಿಯಲ್ಲಿದ್ದ ಅಜ್ಜಿಯ ಹಳೆಯ ಗೆಳತಿ. ನಡೆದರೆ ಐದು ನಿಮಿಷ. ಆದರೆ ಅಜ್ಜಿಗೆ ಮಗಳು ಓಡಿಸುವ ಕಾರಿನಲ್ಲೇ ಹೋಗಿ ಇಳಿಯಬೇಕಿತ್ತು. ಹುಟ್ಟುಹಬ್ಬದವಳ ಮಾತು, ಇಲ್ಲ ಎನ್ನುವವರು ಯಾರು? ಅಜ್ಜಿ ಮುಂದಿನ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಸಿಕೊಂಡು, ತೊಡೆಯ ಮೇಲೆ ಕೇಕಿನ ಪೆಟ್ಟಿಗೆ, ಪೆಟ್ಟಿಗೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಚಾಕು ಇಟ್ಟುಕೊಂಡಳು. ಕುಂಟುತ್ತ ಬಂದ ಮೇಷ್ಟ್ರು, ಮಕ್ಕಳು ಹಿಂದೆ ಹತ್ತಿದರು.

ಸೂಜಿ ಆಂಟಿಯನ್ನು ಇಲ್ಲಿ ಯಾರೂ ಬೈಯಬೇಡಿ. ಇಷ್ಟು ವರ್ಷ ಅವಳು ಜಗಳವಾಡಿದ್ದು ಗಂಡನ ಕಾಲಿನ ಜೊತೆಗೆ. ಬ್ರೇಕು ಇರುವುದು ಆ ಕಾಲಿನಲ್ಲೇ ಎಂಬಷ್ಟು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಕಾಲು ಹಿಂದಿನ ಸೀಟಿಗೆ ಹೋದರೂ ಪೆಡಲು ಮುಂದೆಯೇ ಉಳಿದಿದೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ಕಾರು ಹೊರಟಿತು. ಅಜ್ಜಿ ಆರಾಮಾಗಿ ಕಾಲು ಚಾಚಿದಳು. ಪಾದಕ್ಕೆ ಒಂದು ಪೆಡಲು ಸಿಕ್ಕಿತು. ನಲವತ್ತು ವರ್ಷ ಮಿಷನ್ ತುಳಿದ ಪಾದ, ಪೆಡಲು ಸಿಕ್ಕರೆ ಸುಮ್ಮನಿರುತ್ತದೆಯೇ? ತುಳಿಯತೊಡಗಿತು.

ಕಾರು ನಿಂತಿತು, ಹೋಯಿತು. ನಿಂತಿತು, ಹೋಯಿತು. ಇಡೀ ಬೀದಿಯುದ್ದಕ್ಕೂ ಕಪ್ಪೆಯ ಹಾಗೆ ಕುಪ್ಪಳಿಸುತ್ತ ಹೋಯಿತು. ಗುಂಡ ಖುಷಿಯಿಂದ ಕೇಕೆ ಹಾಕಿದ. ಲಾಯರಮ್ಮನ ಪೆನ್ಸಿಲ್ಲಿಗೆ ಬಿಡುವಿಲ್ಲದಾಯಿತು.

"ರೀ, ಕಾಲು ತೆಗೀರಿ" ಎಂದು ಸೂಜಿ ಆಂಟಿ ಅಭ್ಯಾಸಬಲದಿಂದ ಕೂಗಿದಳು.

"ನನ್ನ ಕಾಲು ಇಲ್ಲಿದೆ ಕಣೇ" ಎಂದರು ಮೇಷ್ಟ್ರು ಹಿಂದಿನಿಂದ. ಅವರಿಗೆ ಎಲ್ಲವೂ ಅರ್ಥವಾಗಿತ್ತು. ಆದರೆ ಹುಟ್ಟುಹಬ್ಬದ ದಿನ ಅತ್ತೆಯ ಕಾಲಿನ ಮೇಲೆ ದೂರು ಹೇಳುವುದು ಹೇಗೆಂದು ಸುಮ್ಮನಿದ್ದರು.

ಹೆಡ್‌ಮಿಸ್ಸಿನ ಗೇಟಿನ ಮುಂದೆ ಕಾರು ಕೊನೆಯ ಸಲ ಕುಪ್ಪಳಿಸಿ ನಿಂತಿತು. ಸೂಜಿ ಆಂಟಿ ಬಗ್ಗಿ ನೋಡಿದಳು. ಅಮ್ಮನ ಪಾದ ಇನ್ನೂ ಮೆತ್ತಗೆ ತುಳಿಯುತ್ತಲೇ ಇತ್ತು. ಮುಚ್ಚಳ ಎತ್ತಿದರೆ ಎಪ್ಪತ್ತೂ ಇಲ್ಲ, ಅಮ್ಮನೂ ಇಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ. ಅವಳು ಸ್ಟೇರಿಂಗ್ ಮೇಲೆ ತಲೆಯಿಟ್ಟಳು.

ಅಜ್ಜಿ ಪೆಟ್ಟಿಗೆಯೊಳಗೆ ನೋಡಿದಳು, ತನ್ನ ಪಾದ ನೋಡಿದಳು, ಆ ಪಾದವನ್ನು ನಿಧಾನಕ್ಕೆ ಸೀಟಿನ ಕೆಳಗೆ ಎಳೆದುಕೊಂಡಳು.

"ರಸ್ತೆ ಸರಿ ಇಲ್ಲ ಕಣೇ" ಎಂದಳು.

"ಹೌದು ಅತ್ತೆ" ಎಂದರು ಮೇಷ್ಟ್ರು ಹಿಂದಿನಿಂದ, ಬಹಳ ಗಂಭೀರವಾಗಿ. "ನಾನು ಐದು ವರ್ಷದಿಂದ ಅದನ್ನೇ ಹೇಳ್ತಾ ಇದೀನಿ."

ಸೂಜಿ ಆಂಟಿಯ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಗುಂಡ ಹಿಂದಿನಿಂದಲೇ ಕೈ ಚಾಚಿ ಅವಳ ತಲೆ ಸವರಿದ. ಅವಳು ತಲೆಯೆತ್ತಿದಾಗ ಕಣ್ಣಲ್ಲಿ ನೀರೇನೋ ಇತ್ತು, ಆದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು, ನಿಲ್ಲಿಸಲಾಗದೆ.

ಅಜ್ಜಿ ಪುಡಿಯೊಳಗೆ ಬೆರಳಾಡಿಸಿ ಹುಡುಕಿದಳು. ಮೂಲೆಯಲ್ಲಿ ಅಂಗೈಯಗಲದ ಒಂದು ತುಂಡು ಹೇಗೋ ಉಳಿದುಕೊಂಡಿತ್ತು. ಚಹಾದಂಗಡಿಯ ಮುಂದೆ ಸಿರಿಂಜಿನಿಂದ ತೇಪೆ ಹಾಕಿದ್ದ ಮಗ್ಗುಲೇ ಅದು. ಅಜ್ಜಿ ಚಾಕಿಗೆ ಸುತ್ತಿದ್ದ ಬಟ್ಟೆ ತೆಗೆದು, ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಹಿಡಿದು ಕತ್ತರಿಸುವಷ್ಟೇ ಜೋಪಾನವಾಗಿ, ಆ ತುಂಡನ್ನು ನೇರಕ್ಕೆ ಎರಡು ಮಾಡಿದಳು.

"ಕತ್ತರಿಸಿದೆ ನೋಡು" ಎಂದು ಒಂದು ಭಾಗವನ್ನು ಮಗಳ ಬಾಯಿಗಿಟ್ಟಳು. ಅದು ತುಂಬ ಚೆನ್ನಾಗಿತ್ತು.

ಆ ಹೊತ್ತಿಗೆ ಬೀದಿಯ ಆ ತುದಿಯಿಂದ ಅಕ್ಕ ಬರುವುದು ಕಾಣಿಸಿತು. ಕಾರು ಕುಪ್ಪಳಿಸಿದ್ದನ್ನು ಬಾಗಿಲಲ್ಲೇ ನಿಂತು ನೋಡಿದ್ದಳೇನೋ. ಒಂದು ಕೈಯಲ್ಲಿ ಬಟ್ಟಲುಗಳ ರಾಶಿ, ಇನ್ನೊಂದರಲ್ಲಿ ಹಿಡಿ ತುಂಬ ಚಮಚ. ಲಾಯರಮ್ಮ ನೋಟುಪುಸ್ತಕದಲ್ಲಿ 'ಅಪ್ಪನ ಕಾಲು, ಹನ್ನೊಂದು' ಎಂಬುದರ ಕೆಳಗೆ ಒಂದು ಗೆರೆ ಎಳೆದು, ಗೀಟುಗಳನ್ನು ಎರಡೆರಡು ಸಲ ಎಣಿಸಿ, 'ಅಜ್ಜಿಯ ಕಾಲು, ಮೂವತ್ತನಾಲ್ಕು' ಎಂದು ಬರೆದಳು.